ಗೋದಲಿಯ ಪುಟ್ಟ ಫಲಕಗಳು



ಆಗಮನ ಕಾಲದ ಮೊದಲ ಮೇಣದಬತ್ತಿ ಹೊತ್ತಿದ ದಿನದಿಂದಲೇ ನಮ್ಮ ಯುವಕ ಯುವತಿಯರಿಗೆ ಗೋದಲಿಯ ಚಿಂತೆ ಹತ್ತಿಕೊಳ್ಳುತ್ತದೆ. ಹುಲ್ಲು ಎಲ್ಲಿಂದ ತರುವುದು, ಕಳೆದ ವರ್ಷದ ಒಂಟೆಯ ಮುರಿದ ಕಾಲನ್ನು ಹೇಗೆ ಅಂಟಿಸುವುದು, ನಕ್ಷತ್ರಕ್ಕೆ ಯಾವ ದೀಪ ಹಾಕುವುದು ಎಂದು ದಿನವೂ ಚರ್ಚೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ನಾವು ಕ್ರೈಸ್ತರು ಸಂಖ್ಯೆಯಲ್ಲಿ ಕಡಿಮೆ. ಆದರೂ ಗೋದಲಿ ನೋಡಲು ಬರುವವರು ಕಡಿಮೆಯೇನಲ್ಲ. ದಸರೆಯಲ್ಲಿ ಮನೆಮನೆಗೆ ಗೊಂಬೆ ನೋಡಲು ಹೋಗುವ ನಮ್ಮ ನೆರೆಹೊರೆಯವರು ಡಿಸೆಂಬರಿನಲ್ಲಿ ಮಕ್ಕಳ ಕೈಹಿಡಿದು ಚರ್ಚಿನ ಅಂಗಳಕ್ಕೂ ಬರುತ್ತಾರೆ.

ಈಚಿನ ವರ್ಷಗಳಲ್ಲಿ ಗೋದಲಿಯ ಸುತ್ತ ನಮ್ಮದೇ ಊರನ್ನು ಕಟ್ಟುವ ಪದ್ಧತಿ ಬೆಳೆದಿದೆ. ಹುಣಸೆಮರ, ಬಾವಿ, ಶೇಂಗಾ ಹೊಲ, ಕಂಬಳಿ ಹೊದ್ದ ಕುರಿಗಾಹಿ, ಬಸ್ ನಿಲ್ದಾಣ, ಟೀ ಅಂಗಡಿ ಎಲ್ಲವೂ ಬರುತ್ತವೆ. ಆದರೆ ಎಷ್ಟೋ ಗೋದಲಿಗಳಲ್ಲಿ ಈ ಊರಿಗೆ ಮಾತೇ ಇರುವುದಿಲ್ಲ. ಅಂಗಡಿಗೆ ಹೆಸರಿಲ್ಲ, ರಸ್ತೆಗೆ ಮೈಲಿಗಲ್ಲಿಲ್ಲ, ಗೋಡೆಗೆ ಪೋಸ್ಟರಿಲ್ಲ. ಇದ್ದರೂ ಅಕ್ಷರಗಳು ಮನುಷ್ಯರ ತಲೆಗಿಂತ ದೊಡ್ಡದಾಗಿ, ಸ್ಕೆಚ್ ಪೆನ್ನಿನಲ್ಲಿ ಓರೆಯಾಗಿ ಬರೆದಿರುತ್ತವೆ. ಒಂದು ಪುಟ್ಟ ಫಲಕವನ್ನು ಸರಿಯಾಗಿ ಮಾಡುವುದು ಹೇಗೆ, ಅದರಿಂದ ನಮ್ಮ ವಿಶ್ವಾಸಕ್ಕೆ ಏನು ಲಾಭ ಎಂಬುದನ್ನು ಈ ಹಬ್ಬದ ಲೇಖನದಲ್ಲಿ ವಿವರಿಸಬಯಸುತ್ತೇನೆ.

ಗೋದಲಿಯೇ ಒಂದು ಗುರುತು

1223ರ ಕ್ರಿಸ್ತಜಯಂತಿಯ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿಯನ್ನು ಏರ್ಪಡಿಸಿದಾಗ ಅಲ್ಲಿ ಗೊಂಬೆಗಳಿರಲಿಲ್ಲ. ಹುಲ್ಲು ತುಂಬಿದ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ, ಬಲಿಪೂಜೆ ಮತ್ತು ಪಂಜು ಹಿಡಿದು ಬಂದ ಹಳ್ಳಿಯ ಜನ, ಇಷ್ಟೇ. ಬಂದ ಜನರೇ ಆ ದೃಶ್ಯದ ಪಾತ್ರಧಾರಿಗಳು. ಮುಂದೆ ಮರದ, ಮಣ್ಣಿನ ಗೊಂಬೆಗಳು ಬಂದವು. 18ನೇ ಶತಮಾನದಲ್ಲಿ ನೇಪಲ್ಸ್ ನಗರದ ಕುಶಲಿಗಳು ತಮ್ಮ ಊರಿನ ಸಂತೆ, ಹೋಟೆಲು, ಹಣ್ಣಿನ ಅಂಗಡಿಗಳನ್ನೂ ಗೋದಲಿಯೊಳಗೆ ತಂದರು. ಬೆತ್ಲೆಹೇಮ್ ದೂರದ ಊರಲ್ಲ, ನಮ್ಮ ಬೀದಿಯೇ ಎಂಬುದು ಅವರ ಭಾವನೆಯಾಗಿತ್ತು.

2019ರ ಡಿಸೆಂಬರ್ 1ರಂದು ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸರು ಅದೇ ಗ್ರೆಚ್ಚೊಗೆ ಹೋಗಿ ಗೋದಲಿಯನ್ನು ಕುರಿತ ಪ್ರೇಷಿತ ಪತ್ರಕ್ಕೆ ಸಹಿ ಹಾಕಿದರು. ಅದರ ಲತೀನ್ ಹೆಸರು ‘ಅಡ್ಮಿರಾಬಿಲೆ ಸಿಗ್ನುಮ್’, ಅಂದರೆ ‘ಬೆರಗಿನ ಗುರುತು’. ಭಿಕ್ಷುಕರು, ಕಮ್ಮಾರರು, ರೊಟ್ಟಿ ಸುಡುವವರು, ಕೊಡ ಹೊತ್ತ ಹೆಂಗಸರು, ಆಡುವ ಮಕ್ಕಳು ಇಂಥವರನ್ನು ಗೋದಲಿಯಲ್ಲಿ ಇಡುವುದು ತಪ್ಪಲ್ಲ, ದಿನನಿತ್ಯದ ಬದುಕಿನ ಪಾವಿತ್ರ್ಯವನ್ನೇ ಅವು ಸಾರುತ್ತವೆ ಎಂಬ ಅರ್ಥದ ಮಾತು ಆ ಪತ್ರದಲ್ಲಿದೆ. ಗುರುತು ಎಂಬ ಆ ಶಬ್ದವನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳೋಣ. ಫಲಕವೆಂದರೂ ಗುರುತೇ. ಇಲ್ಲಿ ಏನಿದೆ, ಯಾರಿದ್ದಾರೆ ಎಂದು ದಾರಿಹೋಕನಿಗೆ ತಿಳಿಸುವ ಗುರುತು.

ಪವಿತ್ರ ಗ್ರಂಥದ ಮೂರು ಫಲಕಗಳು

ಶುಭಸಂದೇಶದಲ್ಲಿ ಫಲಕಗಳು ಎಲ್ಲಿವೆ ಎಂದು ಕೇಳಬಹುದು. ಇವೆ. ಮೊದಲನೆಯದು ಅತಿ ಚಿಕ್ಕದು. ಸ್ನಾನಿಕ ಯೊವಾನ್ನರು ಹುಟ್ಟಿದಾಗ ಮಾತು ನಿಂತಿದ್ದ ತಂದೆ ಜಕರೀಯನು ಬರೆಯುವ ಹಲಗೆಯೊಂದನ್ನು ಕೇಳಿ ಪಡೆದು, ಮಗುವಿನ ಹೆಸರು ಯೊವಾನ್ನ ಎಂದು ಬರೆದನು. ಬರೆದ ಕೂಡಲೇ ಅವನ ನಾಲಿಗೆ ಸಡಿಲವಾಯಿತೆಂದು ಸಂತ ಲೂಕರು ಹೇಳುತ್ತಾರೆ. ಸತ್ಯವನ್ನು ಬರೆದ ಕೈ ಬಾಯಿಯನ್ನೂ ಬಿಡಿಸಿತು.

ಎರಡನೆಯದು ಔಗುಸ್ತ ಚಕ್ರವರ್ತಿಯ ಜನಗಣತಿಯ ಆಜ್ಞೆ. ಲೂಕರು ಆಜ್ಞೆಯನ್ನು ಹೇಳುತ್ತಾರೆಯೇ ಹೊರತು ಅದನ್ನು ಎಲ್ಲಿ ಅಂಟಿಸಿದ್ದರೆಂದು ಹೇಳುವುದಿಲ್ಲ. ಆದರೆ ರೋಮಿನವರ ಪದ್ಧತಿ ನಮಗೆ ಗೊತ್ತು. ಸುಣ್ಣ ಬಳಿದ ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರಗಳಲ್ಲಿ ಪ್ರಕಟಣೆಯನ್ನು ಬರೆದು ಜನ ಸೇರುವ ಕಡೆ ನಿಲ್ಲಿಸುತ್ತಿದ್ದರು. ಆ ಬಿಳಿ ಹಲಗೆಗೆ ‘ಆಲ್ಬುಮ್’ ಎಂದು ಹೆಸರು. ನಮ್ಮ ಮನೆಯ ಫೋಟೋ ಆಲ್ಬಂ ಎಂಬ ಮಾತು ಅದರಿಂದಲೇ ಬಂದದ್ದು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೇ ನಗರದ ಗೋಡೆಗಳ ಮೇಲೆ ಚುನಾವಣಾ ಬರಹಗಳು ಎರಡು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಜುಲೈ 1ರಿಂದ ಅಂಗಡಿಗಳೂ ಮಾಳಿಗೆಯ ಕೋಣೆಗಳೂ ಬಾಡಿಗೆಗೆ ಇವೆ ಎಂಬ ಪ್ರಕಟಣೆ ಕೂಡ ಅಲ್ಲಿತ್ತು. ಪ್ರೇಷಿತರ ಕಾಲದ ಬೀದಿಗಳೂ ನಮ್ಮ ಬೀದಿಗಳಂತೆಯೇ ಬರಹದಿಂದ ತುಂಬಿದ್ದವು.

ಮೂರನೆಯದು ಶಿಲುಬೆಯ ಮೇಲಿನ ಫಲಕ. ನಜರೇತಿನ ಯೇಸುವನ್ನು ಯೆಹೂದ್ಯರ ಅರಸನೆಂದು ಕರೆದ ಆ ಬರಹವನ್ನು ಪಿಲಾತನು ಹೀಬ್ರೂ, ಲತೀನ್, ಗ್ರೀಕ್ ಎಂಬ ಮೂರು ಭಾಷೆಗಳಲ್ಲಿ ಬರೆಸಿದನೆಂದು ಸಂತ ಯೊವಾನ್ನರು ತಿಳಿಸುತ್ತಾರೆ. ಅಣಕಕ್ಕೆಂದು ಬರೆಸಿದ್ದು ಸತ್ಯವೇ ಆಯಿತು.

ಈ ಫಲಕಗಳ ನಡುವೆ ಬೆತ್ಲೆಹೇಮಿನ ಆ ಸ್ಥಳ ಬರಿದಾಗಿದೆ. ಅಲ್ಲಿ ಯಾವ ಫಲಕವೂ ಇರಲಿಲ್ಲ. ಕುರಿಗಾಹಿಗಳಿಗೆ ದೂತನು ಕೊಟ್ಟ ಗುರುತು ಬರಹವಲ್ಲ, ಬಟ್ಟೆಯಲ್ಲಿ ಸುತ್ತಿ ಮೇವಿನ ತೊಟ್ಟಿಯಲ್ಲಿ ಮಲಗಿಸಿದ ಒಂದು ಕೂಸು. ಆದ್ದರಿಂದ ನಿಮ್ಮ ಗೋದಲಿಯ ಊರಿನಲ್ಲಿ ಎಷ್ಟೇ ಫಲಕಗಳಿರಲಿ, ಕೂಸು ಮಲಗಿದ ಕೊಟ್ಟಿಗೆಗೆ ಮಾತ್ರ ಹೆಸರಿನ ಹಲಗೆ ಬೇಡ. ಸುತ್ತಲಿನ ಬೀದಿಯೆಲ್ಲ ಮಾತನಾಡುವಾಗ ಆ ಒಂದು ಜಾಗ ಸುಮ್ಮನಿದ್ದರೆ ನೋಡುವವರ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ.

ಮೊದಲು ಅಳತೆ

ಇನ್ನು ಕೆಲಸಕ್ಕೆ ಬರೋಣ. ಮೊದಲ ನಿಯಮ ಅಳತೆ. ಸಾಧಾರಣ ಮನುಷ್ಯನ ಎತ್ತರ ಐದೂವರೆ ಅಡಿ, ಅಂದರೆ 66 ಇಂಚು ಎಂದಿಟ್ಟುಕೊಳ್ಳಿ. ನಿಮ್ಮ ಸಂತ ಜೋಸೆಫರ ಪ್ರತಿಮೆ ಐದೂವರೆ ಇಂಚು ಇದ್ದರೆ ಲೆಕ್ಕ ಬಲು ಸುಲಭ: ನಿಜವಾದ ಒಂದು ಅಡಿ ಗೋದಲಿಯಲ್ಲಿ ಒಂದು ಇಂಚು. ಹತ್ತು ಅಡಿ ಅಗಲ, ಮೂರು ಅಡಿ ಎತ್ತರದ ಅಂಗಡಿ ಫಲಕ ಹತ್ತು ಇಂಚು, ಮೂರು ಇಂಚು ಆಗುತ್ತದೆ. 40 ಇಂಚು, 30 ಇಂಚಿನ ಸಿನಿಮಾ ಪೋಸ್ಟರು ಮೂರೂಕಾಲು ಇಂಚಿಗಿಂತ ಕೂದಲೆಳೆ ಹೆಚ್ಚು ಎತ್ತರ, ಎರಡೂವರೆ ಇಂಚು ಅಗಲ. ಪ್ರತಿಮೆ ಒಂಬತ್ತು ಇಂಚಿನದಾಗಿದ್ದರೆ 66ನ್ನು 9ರಿಂದ ಭಾಗಿಸಿ. ಏಳೂ ಚಿಲ್ಲರೆ ಬರುತ್ತದೆ. ನಿಜವಾದ ಫಲಕದ ಅಳತೆಯನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಆಯಿತು. ಹಿಂದಿನ ಗುಡ್ಡದ ಮೇಲೆ ಚಿಕ್ಕ ಪ್ರತಿಮೆಗಳನ್ನು ಇಟ್ಟಿದ್ದರೆ ಅಲ್ಲಿನ ಫಲಕಗಳ ಲೆಕ್ಕವೇ ಬೇರೆ. ಮುಂದಿನ ಅಳತೆಯನ್ನು ಹಿಂದಕ್ಕೆ ಒಯ್ದರೆ ದೂರ ಎಂಬ ಭಾವನೆಯೇ ಹೋಗುತ್ತದೆ.

ಅಕ್ಷರಕ್ಕೂ ಇದೇ ಲೆಕ್ಕ. ಡಿ.ಟಿ.ಪಿ. ಅಂಗಡಿಯವರು ಅಕ್ಷರವನ್ನು ಪಾಯಿಂಟುಗಳಲ್ಲಿ ಅಳೆಯುತ್ತಾರೆ. 72 ಪಾಯಿಂಟಿಗೆ ಒಂದು ಇಂಚು. ಬಾಗಿಲಿಗೆ ನೇತುಹಾಕಿದ ಹಲಗೆಯಲ್ಲಿ ಅಕ್ಷರ ಎರಡು ಇಂಚು ಇದ್ದರೆ, ಒಂದು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಅದು ಇಂಚಿನ ಆರನೇ ಒಂದು ಭಾಗ, ಅಂದರೆ 12 ಪಾಯಿಂಟ್. ಆದರೆ ಎಚ್ಚರಿಕೆ: ಪಾಯಿಂಟ್ ಎನ್ನುವುದು ಒತ್ತಕ್ಷರದ ಜಾಗವನ್ನೂ ಸೇರಿಸಿದ ಅಳತೆ. ಬರಿಯ ‘ರ’ ಅಕ್ಷರ ಅದಕ್ಕಿಂತ ಚಿಕ್ಕದಾಗಿಯೇ ಕಾಣುತ್ತದೆ. ಒಂದು ಪ್ರತಿ ಮುದ್ರಿಸಿ ಸ್ಕೇಲಿನಿಂದ ಅಳೆದು ಅಕ್ಷರವನ್ನು ಸ್ವಲ್ಪ ಹಿಗ್ಗಿಸಿ.

ಕನ್ನಡದ ಪುಟ್ಟ ಅಕ್ಷರಗಳು

ಇಂಗ್ಲಿಷಿನ ದೊಡ್ಡಕ್ಷರಗಳು ಎಷ್ಟು ಚಿಕ್ಕದಾದರೂ ಗೆರೆಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಕನ್ನಡದ ಗುಂಡು ಅಕ್ಷರಗಳು ಹಾಗಲ್ಲ. ಚಿಕ್ಕದಾದಂತೆ ಹೊಟ್ಟೆ ತುಂಬಿಕೊಳ್ಳುತ್ತವೆ, ಒತ್ತಕ್ಷರಗಳು ಮಸಿಯ ಚುಕ್ಕೆಗಳಾಗುತ್ತವೆ. ‘ಧ’ ಅಕ್ಷರದ ಬುಡದ ಸೀಳು ಮುಚ್ಚಿಹೋದರೆ ಅದು ‘ದ’ ಆಗುತ್ತದೆ, ಮಧುಗಿರಿ ಮದುಗಿರಿಯಾಗುತ್ತದೆ. ‘ಫ’ ಅಕ್ಷರಕ್ಕೂ ‘ಪ’ ಅಕ್ಷರಕ್ಕೂ ಇದೇ ಪಾಡು. ಆದ್ದರಿಂದ 6 ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ. ದಪ್ಪ ಅಕ್ಷರಕ್ಕಿಂತ ತೆಳುವಾದ ಅಕ್ಷರಶೈಲಿ ಉತ್ತಮ, ಅಕ್ಷರಗಳ ನಡುವೆ ತುಸು ಹೆಚ್ಚು ಅಂತರ ಬಿಡಿ. ನುಡಿ, ಬರಹ ಮೊದಲಾದ ತಂತ್ರಾಂಶಗಳು ಬಂದಂದಿನಿಂದ ಈ ಕೆಲಸ ಹಳ್ಳಿಯ ಹುಡುಗರ ಕೈಗೂ ಎಟುಕಿದೆ.

ಮೊದಲ ಸಲ ಕೈಹಾಕುವವರಿಗೆ ನಮ್ಮ ಸೀಮೆ ಅನುಕೂಲವಾಗಿದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ತುಮಕೂರು, ಈ ಐದು ಹೆಸರುಗಳಲ್ಲಿ ಒಂದರಲ್ಲೂ ಒತ್ತಕ್ಷರವಿಲ್ಲ! ದಾರಿಯ ಫಲಕದಿಂದಲೇ ಪ್ರಾರಂಭಿಸಿ. ‘ರಾಷ್ಟ್ರೀಯ ಹೆದ್ದಾರಿ’ ಎಂದು ಬರೆಯುವ ಸಾಹಸ ಆಮೇಲೆ ಇರಲಿ.

ನಮ್ಮ ಫಲಕಗಳು ಒಂದೇ ಭಾಷೆಯವಲ್ಲ. 1687ರಿಂದ 1757ರವರೆಗೆ ಮೊಗಲರ ಸುಬಾದ ರಾಜಧಾನಿಯಾಗಿದ್ದ ಶಿರಾ ಪಟ್ಟಣದಲ್ಲಿ 1696ರ ಜುಮ್ಮಾ ಮಸೀದಿ ಇಂದಿಗೂ ನಿಂತಿದೆ, ಉರ್ದು ಮನೆಮಾತಾಗಿರುವ ಕುಟುಂಬಗಳು ಬಹಳ ಇವೆ. ಪಾವಗಡದ ಕಡೆ ಹೋದರೆ ತೆಲುಗು. ಉರ್ದು ಬರಹವನ್ನು ಕಂಪ್ಯೂಟರಿನಲ್ಲಿ ಹಾಕುವಾಗ ಕೆಲವು ತಂತ್ರಾಂಶಗಳಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ಹಿಂದುಮುಂದಾಗುತ್ತವೆ. ಓದಬಲ್ಲ ನೆರೆಯವರಿಗೆ ಒಮ್ಮೆ ತೋರಿಸಿಯೇ ಮುದ್ರಿಸಿ. ಆ ನೆಪದಲ್ಲಿ ಅವರು ನಿಮ್ಮ ಗೋದಲಿಯ ಪಾಲುದಾರರೂ ಆಗುತ್ತಾರೆ. ಶಿಲುಬೆಯ ಮೇಲೆ ಮೂರು ಭಾಷೆಗಳಿಗೆ ಸ್ಥಳವಿತ್ತು. ನಮ್ಮ ಗೋದಲಿಯಲ್ಲೂ ಇರಲಿ.

ಅಂಗಡಿಯ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ತಿದ್ದುಪಡಿಯಾದ ರಾಜ್ಯದ ಕಾಯ್ದೆ ಹೇಳುತ್ತದೆ. ಮೂರು ಇಂಚು ಎತ್ತರದ ಪುಟ್ಟ ಫಲಕದಲ್ಲಿ ಮೇಲಿನ 1.8 ಇಂಚು ಕನ್ನಡಕ್ಕೆ, ಉಳಿದ 1.2 ಇಂಚು ಬೇರೆ ಭಾಷೆಗೆ ಎಂದು ಗೆರೆ ಎಳೆದುಕೊಂಡರೆ ಇಂದಿನ ಬೀದಿ ಹಾಗೆಯೇ ಮೂಡುತ್ತದೆ. ಮೈಲಿಗಲ್ಲಿಗೂ ಬಣ್ಣದ ನಿಯಮವಿದೆ: ರಾಷ್ಟ್ರೀಯ ಹೆದ್ದಾರಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಗೆ ಹಸಿರು, ಹಳ್ಳಿಯ ರಸ್ತೆಗೆ ಕಿತ್ತಳೆ, ಕೆಳಗೆಲ್ಲ ಬಿಳಿ. ಶಿರಾ ಮೂಲಕ ಹೋಗುವ ಹಳೆಯ 4ನೇ ನಂಬರಿನ ಹೆದ್ದಾರಿ ಈಗ 48 ಆಗಿದೆ. ನಿಮ್ಮ ಗೋದಲಿ ಯಾವ ಕಾಲದ ಊರನ್ನು ತೋರಿಸುತ್ತದೋ ಆ ಕಾಲದ ನಂಬರನ್ನೇ ಬರೆಯಿರಿ.

ಕಾಗದ, ಕತ್ತರಿ, ಅಂಟು

ಬೇಕಾದ ಸಾಮಾನುಗಳು ಮನೆಯಲ್ಲೇ ಸಿಗುತ್ತವೆ. ಹಳೆಯ ಲಗ್ನಪತ್ರಿಕೆಯ ರಟ್ಟು ಮರದ ಹಲಗೆಯಾಗುತ್ತದೆ, ತಂಪು ಪಾನೀಯದ ಡಬ್ಬಿಯ ತಗಡು ತಗಡಿನ ಫಲಕವಾಗುತ್ತದೆ, ಬೆಂಕಿಕಡ್ಡಿ ಚೌಕಟ್ಟಾಗುತ್ತದೆ, ಊದುಬತ್ತಿಯ ಕಡ್ಡಿ ಕಂಬವಾಗುತ್ತದೆ. ತಗಡನ್ನು ಮಾತ್ರ ದೊಡ್ಡವರೇ ಕತ್ತರಿಸಲಿ, ಅಂಚು ಬಹಳ ಹರಿತ.

ಮುದ್ರಣಕ್ಕೆ ಲೇಸರ್ ಪ್ರಿಂಟ್ ಒಳ್ಳೆಯದು. ಇಂಕ್‌ಜೆಟ್ ಮುದ್ರಣಕ್ಕೆ ಅಂಟಿನ ನೀರು ತಾಗಿದರೆ ಬಣ್ಣ ಕಲಸಿಹೋಗುತ್ತದೆ. ಒಂದು ಎ-4 ಹಾಳೆಯಲ್ಲಿ ಹತ್ತಾರು ಫಲಕಗಳು ಹಿಡಿಸುತ್ತವೆ. ಹಾಳೆಯ ಮೂಲೆಯಲ್ಲಿ ಸರಿಯಾಗಿ ಒಂದು ಇಂಚಿನ ಗೆರೆ ಹಾಕಿ. ಮುದ್ರಣವಾದ ಮೇಲೆ ಅದನ್ನು ಅಳೆಯಿರಿ. ಗೆರೆ ಗಿಡ್ಡವಾಗಿದ್ದರೆ ಯಂತ್ರ ನಿಮ್ಮ ಪುಟವನ್ನು ಕುಗ್ಗಿಸಿದೆ, ನೂರಕ್ಕೆ ನೂರು ಅಳತೆಯಲ್ಲಿ ಮತ್ತೆ ತೆಗೆಸಿ.

ಹೊಸ ಬ್ಲೇಡು, ಉಕ್ಕಿನ ಸ್ಕೇಲು ಇಟ್ಟುಕೊಂಡು ಹಗುರವಾಗಿ ಎರಡು ಮೂರು ಸಲ ಎಳೆದು ಕತ್ತರಿಸಿ. ಒಂದೇ ಸಲ ಒತ್ತಿದರೆ ಕಾಗದ ಹರಿಯುತ್ತದೆ. ಕತ್ತರಿಸಿದ ಅಂಚು ಬೆಳ್ಳಗೆ ಕಾಣುತ್ತದೆ. ಅನೇಕರು ಇದನ್ನು ಗಮನಿಸುವುದಿಲ್ಲ, ಆದರೆ ಇಡೀ ಫಲಕ ಕಾಗದವೆಂದು ಸಾರುವುದು ಆ ಬಿಳಿ ಗೆರೆಯೇ. ಫಲಕದ ಬಣ್ಣದ ಪೆನ್ಸಿಲನ್ನು ಅಂಚಿನ ಉದ್ದಕ್ಕೂ ಒಮ್ಮೆ ಎಳೆಯಿರಿ.

ಸಾಮಾನ್ಯ ಜೆರಾಕ್ಸ್ ಕಾಗದದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ಹನ್ನೆರಡು ಪಟ್ಟು ಹಿಗ್ಗಿಸಿ ನೋಡಿದರೆ ಅದು ಒಂದು ಮಿಲಿಮೀಟರಿಗಿಂತ ಹೆಚ್ಚಾಯಿತು. ಅಷ್ಟು ದಪ್ಪ ಪೋಸ್ಟರನ್ನು ಯಾವ ಗೋಡೆಯ ಮೇಲೂ ನೀವು ಕಂಡಿರಲಾರಿರಿ. ಆದ್ದರಿಂದ ಪೋಸ್ಟರಿನ ಬೆನ್ನನ್ನು ನಯವಾದ ಸ್ಯಾಂಡ್ ಪೇಪರಿನಿಂದ ಮೆಲ್ಲಗೆ ಉಜ್ಜಿ ತೆಳುವಾಗಿಸಿ. ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ಗೋಡೆಗೆ ಹಚ್ಚಿ, ಪೋಸ್ಟರನ್ನು ಇಟ್ಟು ಒದ್ದೆ ಬೆರಳಿನಿಂದ ಒತ್ತಿ. ಇಟ್ಟಿಗೆಯ ಸಂದುಗಳು ಕಾಗದದ ಮೇಲೆ ಎದ್ದು ಕಾಣಬೇಕು. ಒಂದರ ಮೇಲೊಂದು ಎರಡು ಮೂರು ಅಂಟಿಸಿ, ಮೇಲಿನದರ ಮೂಲೆಯನ್ನು ಹರಿದರೆ ನಮ್ಮ ಬಸ್ ನಿಲ್ದಾಣದ ಗೋಡೆಯೇ ಆಯಿತು.

ಹೊಸತನವನ್ನು ಕಳೆಯಲು ಹಾಲು ಹಾಕದ ತೆಳುವಾದ ಚಹಾದಲ್ಲಿ ಅದ್ದಿ ಒಣಗಿಸಿ. ಬಿಸಿಲಿಗೆ ಪೋಸ್ಟರಿನ ಕೆಂಪು, ಹಳದಿ ಬಣ್ಣಗಳು ಮೊದಲು ಮಾಸುತ್ತವೆ, ನೀಲಿ ಉಳಿಯುತ್ತದೆ. ಹಾಗಾಗಿ ಹಳೆಯ ಪೋಸ್ಟರನ್ನು ಮೊದಲೇ ತುಸು ನೀಲಿಯಾಗಿ ಮುದ್ರಿಸಬಹುದು. ತಗಡಿನ ಫಲಕದಲ್ಲಿ ತುಕ್ಕು ಮೊಳೆಯ ತೂತಿನಿಂದ ಆರಂಭವಾಗಿ ಮಳೆನೀರು ಇಳಿದ ದಾರಿಯಲ್ಲೇ ಕೆಳಕ್ಕೆ ಹರಿಯುತ್ತದೆ, ಅಡ್ಡಡ್ಡ ಬಳಿಯಬೇಡಿ. ಅಚ್ಚ ಕಪ್ಪು, ಅಚ್ಚ ಕೆಂಪು ಪುಟ್ಟ ವಸ್ತುವಿನ ಮೇಲೆ ಕಣ್ಣಿಗೆ ಹೊಡೆಯುತ್ತವೆ. ಪ್ರತಿಯೊಂದು ಬಣ್ಣಕ್ಕೂ ಒಂದು ಹನಿ ಬಿಳಿ ಅಥವಾ ಬೂದು ಬೆರೆಸಿ. ಥರ್ಮಕೋಲಿನ ಗೋಡೆಗೆ ಎನಾಮೆಲ್ ಬಣ್ಣ, ಸ್ಪ್ರೇ ಬಣ್ಣ ತಾಗಿಸಬೇಡಿ, ಅದು ಕರಗಿಹೋಗುತ್ತದೆ. ನೀರಿನ ಬಣ್ಣವೇ ಸಾಕು.

ಫ್ಲೆಕ್ಸ್ ಬರುವ ಮೊದಲು ನಮ್ಮ ಊರುಗಳ ಅಂಗಡಿ ಹಲಗೆ, ಗೋಡೆ ಜಾಹೀರಾತು, ಲಾರಿಯ ಬೆನ್ನು ಎಲ್ಲವನ್ನೂ ಕೈಯಲ್ಲೇ ಬರೆಯುವ ಕಲಾವಿದರಿದ್ದರು. ಫ್ಲೆಕ್ಸ್ ಬಂದ ಮೇಲೆ ಅವರಲ್ಲಿ ಅನೇಕರ ಕುಂಚ ಮೂಲೆ ಸೇರಿತು. ನಿಮ್ಮ ಊರಿನಲ್ಲಿ ಅಂಥವರೊಬ್ಬರು ಉಳಿದಿದ್ದರೆ ಅವರನ್ನು ಗೌರವದಿಂದ ಕರೆದು ಮಕ್ಕಳ ಮುಂದೆ ಕೂರಿಸಿ. ಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಹಿಡಿದು ಮೀಟಿ ಗೆರೆ ಮೂಡಿಸುವುದು, ಅಕ್ಷರಗಳನ್ನು ಎಣಿಸಿ ನಡುವಿನ ಅಕ್ಷರವನ್ನು ಮೊದಲು ಬರೆದು ಆಮೇಲೆ ಎರಡೂ ಕಡೆಗೆ ಸಾಗುವುದು, ನೆರಳನ್ನು ಎಲ್ಲ ಅಕ್ಷರಗಳಿಗೂ ಒಂದೇ ಬದಿಗೆ ಬೀಳಿಸುವುದು, ಈ ಗುಟ್ಟುಗಳು ಯಾವ ತಂತ್ರಾಂಶಕ್ಕಿಂತಲೂ ಚೆನ್ನಾಗಿ ಅವರ ಕೈಯಿಂದ ಬರುತ್ತವೆ.

ಏನನ್ನು ಬರೆಯಬೇಕು?

ಪ್ರವಾದಿ ಹಬಕ್ಕೂಕನಿಗೆ ದೇವರು ತನ್ನ ದರ್ಶನವನ್ನು ಹಲಗೆಯ ಮೇಲೆ ಸ್ಪಷ್ಟವಾಗಿ ಬರೆಯಲು ಹೇಳುತ್ತಾರೆ, ಓಡುವವನೂ ಓದುವಂತಿರಬೇಕು ಎನ್ನುವಷ್ಟು ಸ್ಪಷ್ಟವಾಗಿ. ಬರಹ ಚಿಕ್ಕದಿರಬಹುದು, ಮಬ್ಬಾಗಿರಬಾರದು. ನಿಜವಾದ ವ್ಯಕ್ತಿಗಳ ಹೆಸರು, ಫೋನ್ ನಂಬರು, ಪಕ್ಷಗಳ ಚಿಹ್ನೆ, ಯಾರನ್ನಾದರೂ ನೋಯಿಸುವ ಹಾಸ್ಯ ಗೋದಲಿಯಲ್ಲಿ ಬೇಡ. ದಾನಿಗಳ ಫ್ಲೆಕ್ಸ್ ಗೋದಲಿಗಿಂತ ದೊಡ್ಡದಾಗಿ ಮುಂದೆ ನಿಂತಿದ್ದನ್ನೂ ನಾನು ನೋಡಿದ್ದೇನೆ. ಆಗ ಜನ ಕೂಸನ್ನು ನೋಡಲು ಫ್ಲೆಕ್ಸಿನ ಹಿಂದಕ್ಕೆ ಬಗ್ಗಬೇಕಾಗುತ್ತದೆ!

ಅನೇಕರು ಬೆತ್ಲೆಹೇಮಿನ ಛತ್ರಕ್ಕೆ ‘ರೂಮು ಖಾಲಿ ಇಲ್ಲ’ ಎಂಬ ಫಲಕ ಹಾಕುತ್ತಾರೆ. ಅಲ್ಲಿ ಸ್ವಲ್ಪ ಯೋಚಿಸಬೇಕು. ಸಂತ ಲೂಕರ ಶುಭಸಂದೇಶದಲ್ಲಿ ಛತ್ರದ ಯಜಮಾನನ ಪ್ರಸ್ತಾಪವೇ ಇಲ್ಲ. ದಯಾಳು ಸಮಾರಿಯದವನು ಗಾಯಾಳುವನ್ನು ಕರೆದೊಯ್ದ ಛತ್ರಕ್ಕೆ ಲೂಕರು ಬಳಸುವ ಗ್ರೀಕ್ ಶಬ್ದ ಒಂದು. ಮರಿಯ ಜೋಸೆಫರಿಗೆ ಸ್ಥಳ ಸಿಗದ ಜಾಗಕ್ಕೆ ಬಳಸುವುದು ಇನ್ನೊಂದು. ಅದಕ್ಕೆ ಮನೆಯ ಅತಿಥಿ ಕೋಣೆ ಎಂಬ ಅರ್ಥವೂ ಇದೆ. ಪ್ರಭುವಿನ ಕಡೆಯ ಭೋಜನದ ಕೋಣೆಗೂ ಅವರು ಅದೇ ಶಬ್ದವನ್ನು ಬಳಸುತ್ತಾರೆ. ಹಾಗಾದರೆ ಸ್ಥಳವಿಲ್ಲವೆಂದದ್ದು ವ್ಯಾಪಾರದ ಲಾಡ್ಜಿನವರೇ ಎಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಅದು ನಮ್ಮ ನಿಮ್ಮಂಥವರ ಮನೆಯೂ ಆಗಿರಬಹುದು. ಮನೆಯವರು ಯಾರೂ ಬಾಗಿಲಿಗೆ ‘ಸ್ಥಳವಿಲ್ಲ’ ಎಂದು ಫಲಕ ಹಾಕುವುದಿಲ್ಲ. ‘ಸುಸ್ವಾಗತ’ ಎಂದೇ ಹಾಕುತ್ತಾರೆ.

ಒಂದು ಪುಟ್ಟ ಬೀಗ

ಇದನ್ನು ನನಗೆ ಕಲಿಸಿದ್ದು ಒಬ್ಬ ಹುಡುಗ. ಹಿಂದೆ ನಾನು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ನಡೆದದ್ದು, ಊರಿನ ಹೆಸರು ಬೇಡ. ಆ ವರ್ಷ ಗೋದಲಿಯಲ್ಲಿ ನಮ್ಮ ಚರ್ಚಿನ ಆವರಣವನ್ನೂ ಮಾಡಬೇಕೆಂದು ಮಕ್ಕಳು ಹೊರಟರು. ನಾನು ಅವರಿಗೆ ಒಂದೇ ಮಾತು ಹೇಳಿದ್ದೆ: “ಮನಸ್ಸಿಗೆ ತೋಚಿದ್ದನ್ನು ಮಾಡಬೇಡಿ. ಹೋಗಿ ನೋಡಿ, ಅಳೆಯಿರಿ, ಇರುವುದನ್ನೇ ಮಾಡಿ.” ನಮ್ಮ ಗೇಟಿನ ಕಮಾನಿನ ಮೇಲೆ ‘ಸರ್ವರಿಗೂ ಸ್ವಾಗತ’ ಎಂದು ನೀಲಿ ತಗಡಿನ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿತ್ತು. ಏಳನೆಯ ತರಗತಿಯ ಹುಡುಗನೊಬ್ಬ ಅದನ್ನು ಮಾಡುವ ಹೊಣೆ ಹೊತ್ತುಕೊಂಡ.

ಹಬ್ಬಕ್ಕೆ ಎರಡು ದಿನವಿದ್ದಾಗ, ರಾತ್ರಿ ಒಂಬತ್ತರ ಹೊತ್ತಿಗೆ ಗೇಟಿನ ಬಳಿ ಯಾರೋ ಬಂದಿದ್ದಾರೆಂದು ಕಾವಲುಗಾರರು ಬಂದು ಹೇಳಿದರು. ಕಲ್ಲು ಕೆಲಸದ ಗಂಡ ಹೆಂಡತಿ, ಒಂದು ಎಳೆಯ ಮಗು. ಕೊನೆಯ ಬಸ್ಸು ತಪ್ಪಿದೆ, ಒಂದು ರಾತ್ರಿ ಜಗಲಿಯಲ್ಲಿ ಮಲಗಲು ಜಾಗ ಕೇಳುತ್ತಿದ್ದಾರೆ. ನಾನು ಕ್ರಿಸ್ತಜಯಂತಿಯ ಪ್ರಬೋಧನೆ ಬರೆಯುತ್ತಾ ಕುಳಿತಿದ್ದೆ. ಅಪರಿಚಿತರು, ಒಳಗೆ ಹಬ್ಬದ ಸಾಮಾನುಗಳಿವೆ, ನಾಳೆ ಯಾರಾದರೂ ಏನಾದರೂ ಅಂದರೆ? “ಬಸ್ ನಿಲ್ದಾಣ ಹತ್ತಿರದಲ್ಲೇ ಇದೆಯಲ್ಲ, ಅಲ್ಲಿ ದೀಪವಿರುತ್ತೆ, ಅಲ್ಲೇ ಮಲಗಲು ಹೇಳಿ” ಎಂದೆ. ಕಾವಲುಗಾರರು ಒಂದು ಕ್ಷಣ ನಿಂತು, ಹೋದರು. ನಾನು ಬರವಣಿಗೆ ಮುಂದುವರಿಸಿದೆ. ಅವರಿಗೆ ಸ್ಥಳ ಸಿಗಲಿಲ್ಲ ಎಂಬ ವಿಷಯದ ಮೇಲೆಯೇ ಬರೆಯುತ್ತಿದ್ದೆ.

ಮರುದಿನ ಸಂಜೆ ಗೋದಲಿ ಮುಗಿದಿದೆ ನೋಡಲು ಬನ್ನಿ ಎಂದು ಮಕ್ಕಳು ಕರೆದರು. ಬಗ್ಗಿ ನೋಡಿದೆ. ಗೇಟು ಅಚ್ಚುಕಟ್ಟಾಗಿತ್ತು. ಕಮಾನು, ನೀಲಿ ತಗಡು, ಬಿಳಿ ಅಕ್ಷರ, ‘ಸ್ವಾ’ದ ಬಳಿಯ ತುಕ್ಕಿನ ಕಲೆ ಸಹ. ಗೇಟಿನ ಎರಡು ಬಾಗಿಲುಗಳ ನಡುವೆ ರಟ್ಟಿನ ಚೂರಿಗೆ ಸ್ಟೇಪ್ಲರ್ ಪಿನ್ನು ಸಿಕ್ಕಿಸಿ ಮಾಡಿದ, ಗೋಧಿಕಾಳಿನಷ್ಟು ದೊಡ್ಡ ಒಂದು ಬೀಗ.

“ಇದೇನಪ್ಪಾ, ಬೀಗ?” ಎಂದು ಕೇಳಿದೆ.

“ಅಳತೆ ತಗೊಳ್ಳೋಕೆ ಮೂರು ಸಲ ಹೋಗಿದ್ದೆ ಸ್ವಾಮಿ. ಮೂರು ಸಲಾನೂ ಬೀಗ ಹಾಕಿತ್ತು. ಇರೋದನ್ನೇ ಮಾಡಿ ಅಂದಿದ್ರಲ್ಲ?” ಎಂದ.

ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಹಿಂದಿನ ರಾತ್ರಿಯ ವಿಷಯ ಅವನಿಗೆ ತಿಳಿದೂ ಇರಲಿಲ್ಲ. ಅವನು ಹೇಳಿದ್ದನ್ನು ಮಾಡಿದ್ದ, ಅಷ್ಟೇ. ಮೇಲೆ ‘ಸರ್ವರಿಗೂ ಸ್ವಾಗತ’, ಕೆಳಗೆ ಬೀಗ. ಎರಡನ್ನೂ ನಾನು ವರ್ಷಗಟ್ಟಲೆ ದಿನವೂ ನೋಡಿದ್ದೆ. ಒಟ್ಟಿಗೆ ನೋಡಿರಲಿಲ್ಲ. ಚಿಕ್ಕದಾಗಿ ಕಣ್ಣ ಮುಂದೆ ಬಂದಾಗ ಮಾತ್ರ ಕಂಡಿತು.

ಅಲ್ಲಿಂದ ನೇರವಾಗಿ ಬಸ್ ನಿಲ್ದಾಣಕ್ಕೆ ಹೋದೆ. ಅವರು ಎಂದೋ ಹೋಗಿಯಾಗಿತ್ತು. ಕಲ್ಲು ಬೆಂಚಿನ ಮೇಲೆ ಬೇರೆ ಯಾರೋ ಕುಳಿತಿದ್ದರು. ಆ ಮೂವರನ್ನು ಮತ್ತೆ ನಾನು ನೋಡಲಿಲ್ಲ, ಅವರ ಹೆಸರನ್ನೂ ಕೇಳಿರಲಿಲ್ಲ. ಆ ರಾತ್ರಿಯ ಬಲಿಪೂಜೆಯಲ್ಲಿ ಬರೆದಿಟ್ಟ ಪ್ರಬೋಧನೆಯನ್ನು ಪಕ್ಕಕ್ಕಿಟ್ಟು ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳುವುದು ಸುಲಭವಾಗಿರಲಿಲ್ಲ. ಯಾರೂ ನನ್ನನ್ನು ಸಮಾಧಾನಪಡಿಸಲಿಲ್ಲ, ಅದೂ ಒಳ್ಳೆಯದೇ ಆಯಿತು. ಮುಂದಿನ ತಿಂಗಳು ಪಾಲನಾ ಮಂಡಳಿಯವರು ಸಭಾಂಗಣದ ಪಕ್ಕದ ಸಾಮಾನಿನ ಕೋಣೆಯನ್ನು ಖಾಲಿ ಮಾಡಿಸಿ ಎರಡು ಚಾಪೆ, ಹೊದಿಕೆ, ಒಂದು ನೀರಿನ ಬಿಂದಿಗೆ ಇಡಿಸಿದರು. ರಾತ್ರಿ ಬಂದವರಿಗೆ ಬಾಗಿಲು ತೆರೆಯುವ ಹೊಣೆಯನ್ನು ಮೂರು ಕುಟುಂಬಗಳು ಸರದಿಯಲ್ಲಿ ವಹಿಸಿಕೊಂಡವು. ವರ್ಷದಲ್ಲಿ ಎಷ್ಟೋ ರಾತ್ರಿ ಆ ಕೋಣೆ ಬರಿದಾಗಿಯೇ ಇತ್ತು. ಕೆಲವು ರಾತ್ರಿ ಇರಲಿಲ್ಲ.

ಮರುವರ್ಷ ಅದೇ ಹುಡುಗ ಅದೇ ಗೇಟನ್ನು ಮತ್ತೆ ಮಾಡಿದ. ಈ ಸಲ ಒಂದು ಬಾಗಿಲು ಅರ್ಧ ತೆರೆದಿತ್ತು, ಬೀಗ ಚಿಲಕದಲ್ಲಿ ಸುಮ್ಮನೆ ನೇತಾಡುತ್ತಿತ್ತು. ನಾನು ಏನೂ ಕೇಳಲಿಲ್ಲ. ಅವನೇ, “ಇರೋದನ್ನೇ ಮಾಡಿದೀನಿ ಸ್ವಾಮಿ” ಎಂದ.

ಪ್ರಿಯರೇ, ಗೋದಲಿ ಸ್ಪರ್ಧೆಯಲ್ಲಿ ಬಹುಮಾನ ಯಾರಿಗಾದರೂ ಬರಲಿ. ಈ ಆಗಮನ ಕಾಲದಲ್ಲಿ ನಿಮ್ಮ ಮಕ್ಕಳ ಕೈಗೆ ಸ್ಕೇಲು, ಪೆನ್ಸಿಲು ಕೊಟ್ಟು ನಿಮ್ಮ ಮನೆಯ ಬಾಗಿಲನ್ನು, ಅದರ ಮೇಲಿನ ಬರಹವನ್ನು ಅಳೆದು ಬರಲು ಕಳುಹಿಸಿ. ‘ಮನೆ ಬಾಡಿಗೆಗೆ ಇದೆ’ ಎಂದು ಹಲಗೆ ಹಾಕಿ, ಬಂದವರ ಹೆಸರು, ಕುಲ, ಧರ್ಮ ಕೇಳಿದ ಮೇಲೆ ‘ಆಗಲೇ ಕೊಟ್ಟಾಯಿತು’ ಎನ್ನುವ ಮನೆ ನಮ್ಮದಾಗಿದ್ದರೆ ಮಗು ಅದನ್ನೂ ಅಳೆದುಕೊಂಡು ಬರಬಹುದು. ಬರಲಿ. ಫಲಕದ ಅಕ್ಷರವನ್ನು ತಿದ್ದುವುದು ಅರ್ಧ ಗಂಟೆಯ ಕೆಲಸ. ಅದರ ಕೆಳಗಿನ ಬಾಗಿಲನ್ನು ಅದಕ್ಕೆ ಸರಿಹೊಂದಿಸುವುದೇ ಕ್ರಿಸ್ತಜಯಂತಿಯ ಸಿದ್ಧತೆ. ಫಲಕವಿಲ್ಲದ ಕೊಟ್ಟಿಗೆಯಲ್ಲಿ ಮಲಗಿದ ಬಾಲಯೇಸು ನಮ್ಮ ಬಾಗಿಲುಗಳನ್ನು ತೆರೆಯುವ ಕೃಪೆಯನ್ನು ನಮಗೆಲ್ಲರಿಗೂ ಅನುಗ್ರಹಿಸಲಿ.

ಸರ್ವರಿಗೂ ಕ್ರಿಸ್ತಜಯಂತಿಯ ಹಾರ್ದಿಕ ಶುಭಾಶಯಗಳು.